ಮೂವತ್ತೆರಡು ಎಂದರೆ ಮೂವತ್ತೆರಡೇ

ಜನವರಿ 20, 2025, ಸೋಮವಾರ. ಖಾನಾಪುರ

ಮೈಯೆಲ್ಲ ನೋವು. ಅರವತ್ತು ದಾಟಿದ ಹೆಂಗಸು ಎರಡೂವರೆ ತಾಸು ಡ್ರಮ್ ಬಾರಿಸಿದರೆ ಇನ್ನೇನಾಗುತ್ತದೆ? ಆದರೂ ಬಾರಿಸಿದೆ. ನಿನ್ನೆ ಬೆಳಗಾವಿಯಲ್ಲಿ, ನಾವು ಹುಟ್ಟಿ ಬೆಳೆದ ಊರಲ್ಲಿ, ನಾಲ್ಕು ಸಾವಿರ ಜನರೆದುರು. ಸೊಸೈಟಿಯವರು ಕೊಡುವ ಡೈರಿ ಪ್ರತಿವರ್ಷ ಖಾಲಿಯೇ ಉಳಿಯುತ್ತಿತ್ತು. ಈ ಸಲ ಬರೆಯುತ್ತೇನೆ. ನಿನ್ನೆಯ ತಪ್ಪು ನನ್ನದಲ್ಲ ಎಂಬುದು ಎಲ್ಲಾದರೂ ಬರಹದಲ್ಲಿ ಇರಬೇಕು.

ಸಾಕ್ಷಿ ಹೇಳುವವರು ಮೊದಲಿನಿಂದ ಹೇಳಬೇಕು. ನಮ್ಮದು ಮೂವರ ರಾಕ್ ಬ್ಯಾಂಡು, ಹೆಸರು ‘ಥರ್ಡ್ ಗೇಟ್’. ಸುಮಿತ ಗಿಟಾರು ಬಾರಿಸುತ್ತ ಹಾಡುತ್ತಾನೆ, ನಾಸೀರ ಬೇಸ್ ಗಿಟಾರು, ನಾನು ಡ್ರಮ್. 1986ರಲ್ಲಿ ಬೆಳಗಾವಿಯ ಮೂರನೇ ರೈಲ್ವೆ ಗೇಟಿನ ಬಾಜು ಒಂದು ತಗಡಿನ ಖೋಲಿಯಲ್ಲಿ ಶುರು ಮಾಡಿದೆವು. ಹೆಣ್ಣುಮಗಳು ಡ್ರಮ್ ಬಾರಿಸುವುದೇ ಎಂದು ಓಣಿಯೆಲ್ಲ ಬಾಯಿ ಬಡಿದುಕೊಂಡಿತು. ಅವರು ಬಡಿದುಕೊಂಡದ್ದು ತಾಳಕ್ಕೂ ಇರಲಿಲ್ಲ.

ರೈಲು ಬಂದರೆ ಆ ಖೋಲಿಯಲ್ಲಿ ಏನೂ ಕೇಳುತ್ತಿರಲಿಲ್ಲ. ಪ್ರತಿಸಲ ನಿಲ್ಲಿಸಿದರೆ ತಾಲೀಮು ಮುಗಿಯುವುದು ಯಾವಾಗ? ನಿಲ್ಲಿಸುವುದೇ ಬೇಡ ಎಂದೆ. ರೈಲು ಹೋಗುವ ತನಕ ಒಬ್ಬರ ಕಾಲು ಒಬ್ಬರು ನೋಡುತ್ತ ಮನಸ್ಸಿನಲ್ಲೇ ಎಣಿಸುವುದು, ರೈಲು ದಾಟಿದಾಗ ಮೂವರೂ ಹಾಡಿನ ಒಂದೇ ಜಾಗದಲ್ಲಿರುವುದು. ಮೊದಮೊದಲು ಒಬ್ಬರು ಈ ಕಡೆಯ ದೇಸೂರು ಸ್ಟೇಷನ್ನಿನಲ್ಲಿ ಇಳಿದರೆ ಇನ್ನೊಬ್ಬರು ಆ ಕಡೆಯ ಸಾಂಬ್ರಾದಲ್ಲಿ ಇಳಿಯುತ್ತಿದ್ದೆವು. ಆರು ತಿಂಗಳಿಗೆ ಹದಕ್ಕೆ ಬಂತು. ‘ಗೇಟ್ ಬಿದ್ದೈತಿ’ ಹಾಡು ಹುಟ್ಟಿದ್ದೇ ಹಾಗೆ. ಹಾಡಿನ ನಡುವೆ ಮೂವರೂ ತಟ್ಟನೆ ನಿಲ್ಲುತ್ತೇವೆ. ಮೂವತ್ತೆರಡು ಎಣಿಕೆಯ ಮೌನ. ಜನ ಗಟ್ಟಿಯಾಗಿ ಎಣಿಸುತ್ತಾರೆ. ಮೂವತ್ತೆರಡು ಮುಗಿದ ಕೂಡಲೇ ಮೂವರೂ ಒಟ್ಟಿಗೆ ಸಿಡಿಯಬೇಕು. ಮೂವತ್ತೊಂಬತ್ತು ವರ್ಷ ಒಮ್ಮೆಯೂ ತಪ್ಪಿಲ್ಲ.

ನಿನ್ನೆ ತಪ್ಪಿತು. ನಾನು ಸರಿಯಾಗಿ ಮೂವತ್ತೆರಡಕ್ಕೆ ಬಂದೆ. ಅವರಿಬ್ಬರು ಬರಲಿಲ್ಲ! ಮುಂದೆ ಹೋಗಿ ಜನರಿಗೆ ಮುಖ ತೋರಿಸುತ್ತ ನಿಂತಿದ್ದರು. ಅಷ್ಟು ದೊಡ್ಡ ಮೈದಾನದಲ್ಲಿ ನಾನೊಬ್ಬಳೇ ಬಾರಿಸುತ್ತಿದ್ದೆ. ಆಮೇಲೆ ಓಡಿ ಬಂದು ಸೇರಿಕೊಂಡರು. ಲೆಕ್ಕ ಮರೆತವರು ಅವರು, ಜನ ನೋಡಿ ನಕ್ಕದ್ದು ನನ್ನನ್ನು.

ಇದೆಲ್ಲ ಏಳು ಕ್ಯಾಮೆರಾಗಳಲ್ಲಿ ಸೆರೆಯಾಗಿದೆ. ಜನ ಮನೆಯ ಟಿವಿಯಲ್ಲಿ ನೋಡಲೆಂದು ಈ ಕಾರ್ಯಕ್ರಮದ ಡಿಸ್ಕ್ ಬರುತ್ತದೆ, ಹೈ ಡೆಫಿನಿಷನ್. ಚಿತ್ರೀಕರಣ ಮಾಡಿಸಿದವಳು ಮಾಯಾ, ಖಾನಾಪುರದ ಸಾಲೆಯಲ್ಲಿ ನನ್ನ ಕೈಯಲ್ಲಿ ಪಿ.ಟಿ. ಕಲಿತವಳು. “ಹಣಿ ಮ್ಯಾಲಿನ ಬೆವರಿನ ಹನಿ ಸೈತ ಕಾಣತೈತ್ರಿ ಟೀಚರ್” ಎಂದು ಹಿಗ್ಗುತ್ತಿದ್ದಳು. ಕಾಣಲಿ.

ಧ್ವನಿವರ್ಧಕ ನೋಡಿಕೊಳ್ಳುವ ಬೀರೇಶನದೂ ತಪ್ಪಿದೆ. ನನ್ನ ಬಾಜು ಇಟ್ಟಿದ್ದ ಸ್ಪೀಕರು ಸತ್ತಿತ್ತು. ಮೂರು ಸಲ ಸನ್ನೆ ಮಾಡಿದೆ, ಹೆಬ್ಬೆಟ್ಟು ತೋರಿಸಿ ನಕ್ಕ. ಇನ್ನು ನಾಸೀರ, ಕೊನೆಯ ಹಾಡಿನ ತನಕ ನನ್ನ ಮಗ್ಗುಲು ಬಿಡಲಿಲ್ಲ. ನನ್ನ ಡ್ರಮ್ ಇಟ್ಟ ಹಲಗೆಯ ಮೇಲೇ ಬೂಟಿನ ಕಾಲು. “ಅಷ್ಟ ದೊಡ್ಡ ಸ್ಟೇಜಿನಾಗ ನಿನಗ ಬ್ಯಾರೆ ಜಾಗಾ ಸಿಗಲಿಲ್ಲೇನು?” ಎಂದು ಆಮೇಲೆ ಬೈದೆ. ನಗುತ್ತ ಏನೋ ಗೊಣಗಿದ.

ಜನವರಿ 28, ಮಂಗಳವಾರ

ಕುಕ್ಕರು ಕೆಟ್ಟಿದೆ. ಸೀಟಿ ಹೊಡೆಯುವುದೇ ಇಲ್ಲ, ಬೇಳೆ ಸೀದು ತಳ ಹಿಡಿಯಿತು. ಹೊಸ ಸೀಟಿ ತಂದು ಹಾಕಿದೆ, ಅದೂ ಹಾಗೇ. ಈಗಿನ ಸಾಮಾನುಗಳ ಹಣೆಬರಹವೇ ಇಷ್ಟು. ನಮ್ಮ ಯಜಮಾನರು ಈರಯ್ಯನವರು ಅಂಚೆ ಕಚೇರಿಯಿಂದ ನಿವೃತ್ತರಾದ ಮೇಲೆ ಬಾಯೊಳಗೇ ಗೊಣಗುವ ರೂಢಿ ಮಾಡಿಕೊಂಡಿದ್ದಾರೆ. ಅಡುಗೆಮನೆಯ ಬಾಗಿಲಲ್ಲಿ ನಿಂತು ಏನೋ ಅಂದರು. “ಗಟ್ಟಿ ಹೇಳ್ರಿ, ಟಪಾಲಿನ್ಯಾಗ ಹಾಕಬ್ಯಾಡ್ರಿ” ಎಂದೆ. ಕೈ ಮುಗಿದು ಹೋದರು.

ಫೆಬ್ರವರಿ 9, ಭಾನುವಾರ

ಬೆಳಗಾವಿಯಲ್ಲಿ ನಾಸೀರನ ಮನೆಯಲ್ಲಿ ಸೇರಿದ್ದೆವು. ಮಾಯಾ ಸಂಕಲನ ಮಾಡಿದ ವಿಡಿಯೋ ತಂದಿದ್ದಳು. ನಾಸೀರನ ಹೆಂಡತಿ ಅನ್ವರಿ ಎಲ್ಲರಿಗೂ ಚಹಾ ಕೊಟ್ಟು ಕಿಟಕಿಯ ಪರದೆ ಎಳೆದಳು.

ಅಬ್ಬಾ, ಎಷ್ಟು ಸ್ಪಷ್ಟ! ಸುಮಿತನ ಬಣ್ಣ ಹಾಕಿದ ಕೂದಲಿನ ಬುಡದ ಬಿಳಿ ಕೂಡ ಕಂಡಿತು. ನಾನು ನಕ್ಕೆ. ಆ ನಗು ಬಹಳ ಹೊತ್ತು ಉಳಿಯಲಿಲ್ಲ.

ಗದ್ದಲದಲ್ಲಿ ಮಾತು ತಿಳಿಯಲಿಕ್ಕಿಲ್ಲ ಎಂದು ಮಾಯಾ ಪರದೆಯ ಕೆಳಗೆ ಅಕ್ಷರ ಕೊಟ್ಟಿದ್ದಾಳೆ. ಕೊನೆಯ ಹಾಡು, ಗೇಟಿನ ಮೌನ. ಸುಮಿತ ನಾಸೀರನ ಹೆಗಲ ಮೇಲೆ ಕೈ ಹಾಕಿ ಮುಂದಕ್ಕೆ ಎಳೆದೊಯ್ದ. ಜನ ಎಣಿಸುತ್ತಿದ್ದಾರೆ. ಇಪ್ಪತ್ತೊಂಬತ್ತು, ಮೂವತ್ತು. ಆಗ ಸುಮಿತ ನನಗೆ ಬೆನ್ನು ಹಾಕಿಕೊಂಡೇ ಮೈಕಿನಲ್ಲಿ ಏನೋ ಅಂದ. ಕೆಳಗೆ ಅಕ್ಷರ ಮೂಡಿತು: “ಇನ್ನೊಮ್ಮೆ ಎಣಸ್ರಿ ಬೆಳಗಾಂವ!” ಜನ ಹೋ ಎಂದು ಮತ್ತೆ ಒಂದರಿಂದ ಹಿಡಿದರು. ಅಷ್ಟರಲ್ಲಿ ಹಿಂದೆ ನಾನು ಕೋಲು ಎತ್ತಿ ಹೊಡೆದೆ.

“ಇದನ್ನ ಆಮ್ಯಾಲ ಸೇರಿಸೀರಿ. ಆವತ್ತ ಇಂವಾ ಹಿಂಗ ಅಂದೇ ಇಲ್ಲ” ಎಂದೆ.

ಮಾಯಾ ತಲೆ ತಗ್ಗಿಸಿದಳು. ಸುಮಿತ ಕಪ್ಪಿನೊಳಗೆ ಮಾತಾಡಿದ. ಮೂರು ಸಲ ಹೇಳಿಸಿದ ಮೇಲೆ ಬಿಡಿಸಿ ಹೇಳಿದ.

“ತಪ್ಪ ತಿಳ್ಕೋಬ್ಯಾಡ ಪೂರ್ಣಿಮಾ. ಪುಣೇದಾಗ ಆಕಾಶ ಅಂತ ಒಬ್ಬ ಅದಾನ, ಚಲೋ ಬಾರಿಸ್ತಾನ. ನಿನ್ನ ಡ್ರಮ್ಮಿನ ಆವಾಜ್ ತಗದು ಅವನ ಕಡಿಂದ ತುಂಬಸೂಣು. ಚಿತ್ರ ನಿಂದೇ ಇರತೈತಿ. ಆ ಒಂದು ಜಾಗಾ ಮಾತ್ರ ಕತ್ತರಸೂಣು. ಯಾರಿಗೂ ಗೊತ್ತಾಗಂಗಿಲ್ಲ.”

ನನ್ನ ಕೈ, ಇನ್ನೊಬ್ಬರ ಸದ್ದು! ಕರಾರಿನಲ್ಲಿ ಮೂವರ ಸಹಿಯೂ ಬೇಕು, ಒಬ್ಬರು ಬೇಡವೆಂದರೂ ಡಿಸ್ಕ್ ಹೊರಬರುವಂತಿಲ್ಲ ಎಂದು ಮಾಯಾ ಹೇಳಿದಳು. ಅಷ್ಟು ಮಾತ್ರ ನನಗೆ ಚೆನ್ನಾಗಿ ಕೇಳಿಸಿತು.

“ಕುಣೀಲಾರದಾಕಿ ನೆಲಾ ಡೊಂಕು ಅಂದ್ಲಂತ” ಎಂದು ಸುಮಿತ ಅಂದದ್ದೂ ಕೇಳಿಸಿತು. ಎದ್ದು ಬಂದೆ. ಬಸ್ಸು ಹತ್ತುವ ತನಕ ಸಿಟ್ಟು ಇಳಿಯಲಿಲ್ಲ, ಇಳಿದ ಮೇಲೂ ಇಳಿದಿಲ್ಲ.

ಫೆಬ್ರವರಿ 10, ಸೋಮವಾರ

ಸಹಿ ಮಾಡುವುದಿಲ್ಲ.

ಫೆಬ್ರವರಿ 16, ಭಾನುವಾರ

ಸುಮಿತ ಐದು ಸಲ ಫೋನ್ ಮಾಡಿದ. ಈ ಫೋನಿನ ಸ್ಪೀಕರೂ ಕೆಟ್ಟಿದೆ, ಎಲ್ಲ ಗುಂಯ್ ಗುಂಯ್. ಯಜಮಾನರ ಕೈಗೆ ಕೊಟ್ಟೆ. ಇವರು ಅವನ ಮಾತು ಕೇಳಿ ನನಗೆ ಮೋರೆ ಎದುರು ಮೋರೆ ತಂದು ಹೇಳಿದರು. ಹಾಡಿದ್ದೇ ಹಾಡೋ ಕಿಸಬಾಯಿ ದಾಸ: ಆಕಾಶ, ಪುಣೆ, ಯಾರಿಗೂ ಗೊತ್ತಾಗುವುದಿಲ್ಲ.

ನನ್ನ ತಾಳದ ಮೇಲೆ ನನಗೇ ಅನುಮಾನ ಬರಬಾರದೆಂದು ಇವತ್ತು ಒಂದು ಪರೀಕ್ಷೆ ಮಾಡಿದೆ. ಇವರನ್ನು ಕರೆದುಕೊಂಡು ಹಳಿಯ ಹತ್ತಿರ ಹೋದೆ. ಕೈಗೆ ಗಡಿಯಾರ ಕೊಟ್ಟೆ. ರೈಲು ಬಂತು. ಗದ್ದಲ ಮುಗಿಯುವ ತನಕ ಬೇಲಿಯ ಕಲ್ಲಿನ ಮೇಲೆ ಸೆಕೆಂಡಿಗೊಂದರಂತೆ ಬೆರಳಿನಿಂದ ಬಡಿಯುತ್ತ ನಿಂತೆ. ಅರ್ಧ ಸೆಕೆಂಡೂ ಆಚೀಚೆ ಇಲ್ಲ. ಇವರು ಗಡಿಯಾರ ನೋಡಿ, ನನ್ನನ್ನು ನೋಡಿ, ಕಣ್ಣು ಒರೆಸಿಕೊಂಡರು. ಧೂಳು ಇರಬೇಕು.

ಹಾಗಾದರೆ ನನ್ನ ತಾಳಕ್ಕೆ ಏನಾಗಿದೆ? ಏನೂ ಆಗಿಲ್ಲ. ಪುಣೆಯವನು ಬಂದು ಈ ಕಲ್ಲಿನ ಹತ್ತಿರ ನಿಲ್ಲಲಿ.

ಒಂದು ಸಂಗತಿ ಮಾತ್ರ ಹಿಡಿಸಲಿಲ್ಲ. ರೈಲು ದೂರದ ತಿರುವಿನಲ್ಲಿ ಕೂಗಿತೆಂದು ಇವರು ತೋಳು ಹಿಡಿದು ಎಳೆದರು. ನನಗೆ ಕೂಗು ಕೇಳಲಿಲ್ಲ. ನೆಲ ಅದುರಿದಾಗಲೇ ಗೊತ್ತಾಯಿತು. ಗಾಳಿ ಆ ಕಡೆಗೆ ಇತ್ತು.

ಫೆಬ್ರವರಿ 23, ಭಾನುವಾರ

ಇವತ್ತು ಮಾಯಾ ಖಾನಾಪುರಕ್ಕೆ ಬಂದಿದ್ದಳು. ಸಂಕಲನ ಮಾಡಿದ್ದಲ್ಲ, ನನ್ನ ಹಿಂದೆ ಇಟ್ಟಿದ್ದ ಕ್ಯಾಮೆರಾದ ಚಿತ್ರ ಪೂರ್ತಿ ನೋಡಬೇಕು ಎಂದಿದ್ದೆ. ಐದನೇ ಕ್ಯಾಮೆರಾ. ಅವರಿಬ್ಬರೂ ಲೆಕ್ಕ ತಪ್ಪಿದ್ದನ್ನು ಹಿಡಿದು ತೋರಿಸಬೇಕಿತ್ತು. ಟಿವಿಗೆ ಹಚ್ಚಿಕೊಟ್ಟು ನನ್ನ ಮಗ್ಗುಲಲ್ಲಿ ಕುಳಿತಳು.

ನನ್ನ ಬೆನ್ನು, ಡ್ರಮ್ಮು, ಆಚೆಗೆ ಜನ. ಬಲಕ್ಕೆ ಹಲಗೆಯ ತುದಿಯಲ್ಲಿ ನಾಸೀರನ ಕಪ್ಪು ಬೂಟು.

ಮೊದಲ ಹಾಡಿಗೆ ಮುಂಚೆ ಆ ಬೂಟಿನ ಹಿಮ್ಮಡ ನಾಲ್ಕು ಸಲ ಹಲಗೆಯನ್ನು ಬಡಿಯಿತು. ಐದನೆಯದಕ್ಕೆ ನಾನು ಶುರು ಮಾಡಿದೆ. ಎರಡನೇ ಹಾಡಿಗೂ ನಾಲ್ಕು. ಸುಮಿತ ನಡುವೆ ವೇಗ ಇಳಿಸಿದ ಕಡೆ ಬೂಟು ನಿಧಾನವಾಗಿ, ಜೋರಾಗಿ ಬಡಿಯಿತು, ನಾನೂ ಇಳಿಸಿದೆ. ಹಾಡು ಮುಗಿಯುವ ಮುನ್ನ ಎರಡು ಸಲ ಒತ್ತಿ ಬಡಿಯಿತು, ನಾನು ನಿಲ್ಲಿಸಿದೆ. ಹದಿನಾರು ಹಾಡು. ಹದಿನಾರಕ್ಕೂ ಹಾಗೆಯೇ. ಬೂಟಿನ ಹಿಮ್ಮಡದ ಹೊಲಿಗೆ ಬಿಚ್ಚಿದ್ದು ಸೈತ ಕಾಣುತ್ತಿತ್ತು.

ಹದಿನೇಳನೆಯದು ‘ಗೇಟ್ ಬಿದ್ದೈತಿ’. ಸುಮಿತ ಬಂದು ನಾಸೀರನನ್ನು ಎಳೆದೊಯ್ದ. ನಾಸೀರ ಎರಡು ಸಲ ಹಿಂದೆ ತಿರುಗಿ ನನ್ನನ್ನು ನೋಡಿದ. ಹಲಗೆಯ ಮೇಲೆ ಬೂಟಿಲ್ಲ.

ಆಮೇಲಿನದನ್ನು ಎದುರಿನ ಕ್ಯಾಮೆರಾದಲ್ಲೂ ನೋಡಿದೆ, ನನ್ನ ಮುಖ. ಹೊಡೆದು, ತಲೆಯೆತ್ತಿ, ಅವರಿಬ್ಬರ ಕೈ ನಿಂತದ್ದನ್ನು ಕಂಡ ಕ್ಷಣ. ಅಷ್ಟು ಹೆದರಿದ ಮುಖ ನನ್ನದು ಎಂದು ನನಗೆ ಗೊತ್ತಿರಲಿಲ್ಲ. ಹನ್ನೊಂದು ಸೆಕೆಂಡು. ನಿಲ್ಲಿಸಬಹುದಿತ್ತು. ನಿಲ್ಲಿಸಿಲ್ಲ! ಹಲ್ಲು ಕಚ್ಚಿ ಇನ್ನೂ ಜೋರಾಗಿ ಬಾರಿಸಿದ್ದೇನೆ. ಅವರು ಬಂದು ಸೇರುವ ತನಕ ಒಂದು ಪೆಟ್ಟೂ ತಪ್ಪಿಲ್ಲ.

“ಟೀಚರ್, ನೀರ ತರ್ಲ್ಯಾ?” ಎಂದು ಮಾಯಾ ನನ್ನೆದುರು ಬಂದು ಕೇಳಿದಳು. ಎಷ್ಟನೆಯ ಸಲ ಕೇಳಿದ್ದಳೋ.

ಫೆಬ್ರವರಿ 25, ಮಂಗಳವಾರ

ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎನ್ನುತ್ತಾರೆ. ನನಗೆ ಏಳು ಕ್ಯಾಮೆರಾ ಬೇಕಾದವು.

2019ರಲ್ಲಿ ಕಾಕತಿಯಲ್ಲಿ ಬಾರಿಸಿದ್ದನ್ನು ಯಾರೋ ಫೋನಿನಲ್ಲಿ ಹಿಡಿದಿದ್ದರು. ಹುಡುಕಿ ನೋಡಿದೆ. ಎಲ್ಲ ಮಸುಕು. ಆದರೆ ಬಲಗಡೆ, ಹಲಗೆಯ ತುದಿಯಲ್ಲಿ, ಅದೇ ಜಾಗದಲ್ಲಿ ಒಂದು ಕರಿ ಚುಕ್ಕೆ ಕುಣಿಯುತ್ತಿದೆ. ಆರು ವರ್ಷ. ಯಾರು ಕೇಳಿದ್ದರು ಇವನನ್ನು? ನಾನು ಕೇಳಿದ್ದೆನೆ?

ಮಾರ್ಚ್ 4, ಮಂಗಳವಾರ

ನಾಸೀರನ ಜೊತೆ ಜಗಳ ಮಾಡಲೆಂದೇ ಬೆಳಗಾವಿಗೆ ಹೋದೆ. ಅವನ ಅಂಗಡಿಯಲ್ಲಿ ಇರಲಿಲ್ಲ, ರಂಜಾನಿನ ರೋಜಾ ಇದ್ದಾನೆಂದು ಬೇಗ ಮನೆಗೆ ಹೋಗಿದ್ದ. ಮನೆಗೇ ಹೋದೆ. ಅನ್ವರಿ ತಾನು ಉಪವಾಸವಿದ್ದರೂ ನನಗೆ ಚಹಾ ಮಾಡಿಟ್ಟಳು.

“ಬರ್ರಿ ಅಕ್ಕಾ, ಕುಂದರ್ರಿ” ಎಂದ ನಾಸೀರ.

“ಕುಂದರಾಕ ಬಂದಿಲ್ಲ. ಆರು ವರ್ಷ ನನ್ನ ಹಲಗಿ ಮ್ಯಾಲ ಕಾಲಿಟ್ಟು ನನಗ ತಾಳಾ ಕಲಸಾಕತ್ತಿದ್ದೇನು?”

ಅವನ ಮುಖ ಸಣ್ಣದಾಯಿತು. ಆಮೇಲೆ ಕುರ್ಚಿಯನ್ನು ಎಳೆದು ನನ್ನ ಎದುರಿಗೆ, ಬೆಳಕು ತನ್ನ ಮುಖದ ಮೇಲೆ ಬೀಳುವ ಹಾಗೆ ಕುಳಿತ. ಯಾವಾಗಲೂ ಹಾಗೇ ಕೂಡುತ್ತಿದ್ದನೇನೋ, ಇವತ್ತು ನೋಡಿದೆ.

“ಅಕ್ಕಾ, ಆ ಖೋಲ್ಯಾಗ ರೈಲ ಬಂದಾಗ ನಾ ಯಾರ ಕಾಲ ನೋಡ್ತಿದ್ದೆ? ನಿಮ್ದು. ಸುಮಿತಂದೂ ನಿಮ್ಮ ಕಾಲ ಮ್ಯಾಲೇ ಕಣ್ಣು. ಆವಾಗ ನೀವು ನಮ್ಮನ್ನ ದಾಟಿಸಿದ್ರಿ. ಈಗ ನಿಮ್ಮ ಕಡೆ ರೈಲ ಬಂದು ನಿಂತೈತಿ, ಹೋಗವಲ್ದು. ಅದಕ್ಕ ನಾ ಕಾಲ ಕೊಟ್ಟೇನಿ. ಇದರಾಗ ಕಲಸೂದೇನ ಬಂತು?”

“ಮತ್ತ ನನಗ ಒಂದ ಮಾತ ಹೇಳಬಾರದಿತ್ತೇನು?”

“ಹೇಳೇನಿ ಅಕ್ಕಾ. ಎರಡ ಸಲ ಹೇಳೇನಿ. ನಿಮಗ ಕೇಳಿಸಲಿಲ್ಲ.”

ಅನ್ವರಿ ಸೆರಗು ಬಾಯಿಗೆ ಇಟ್ಟುಕೊಂಡಳು. ನಾನು ಅವಳನ್ನು ದುರುಗುಟ್ಟಿ ನೋಡಲು ಹೋಗಿ ನಾನೇ ನಕ್ಕುಬಿಟ್ಟೆ. ಮೂವರೂ ನಕ್ಕೆವು. ಆಮೇಲೆ ನನಗೆ ಅಳು ಬಂತು, ಅದನ್ನು ಬರೆಯದೆ ಬಿಡುವುದು ಸರಿಯಲ್ಲ. ಅತ್ತೆ.

“ಮನ್ಯಾಗೂ ಬಡಕೋತ ಕುಂದರ್ತಾರ್ರಿ. ಅಡಗಿಮನಿ ಫರಸಿ ಕಲ್ಲು ಒಂದ ಕಡೆ ಸವದ ಹೋಗೇತಿ ನೋಡ್ರಿ” ಎಂದು ಅನ್ವರಿ ಕೈ ಹಿಡಿದು ಒಳಗೆ ಕರೆದೊಯ್ದು ತೋರಿಸಿದಳು. ಸವೆದದ್ದೇನೂ ಕಾಣಲಿಲ್ಲ. ಆದರೂ ಹೌದು ಎಂದೆ.

ಮಾರ್ಚ್ 8, ಶನಿವಾರ

ಕಿವಿಯ ಪರೀಕ್ಷೆ ಮಾಡಿಸಿದೆ. ಎಡಗಿವಿ ಅರ್ಧಕ್ಕಿಂತ ಹೆಚ್ಚು ಹೋಗಿದೆ, ಬಲಗಿವಿ ಅದರ ಬೆನ್ನು ಹತ್ತಿದೆ. ಡಾಕ್ಟರು ಹುಡುಗಿ ಡ್ರಮ್ ಬಿಡಬೇಕೆಂದಳು. “ಇತ್ತ ತಿರುಗಿ ಹೇಳವಾ” ಎಂದೆ. ತಿರುಗಿ ಹೇಳಿದಳು. ಈಗ ಸ್ಪಷ್ಟವಾಗಿ ಕೇಳಿಸಿತು, ಬಿಡುವುದಿಲ್ಲ ಎಂದೆ. ಕಿವಿಯ ಮಶೀನಿಗೆ ಅಳತೆ ಕೊಟ್ಟು ಬಂದೆ.

ಕಳೆದ ತಿಂಗಳು ಕೊಂಡ ಹೊಸ ಕುಕ್ಕರು ಚೆನ್ನಾಗಿಯೇ ಸೀಟಿ ಹೊಡೆಯುತ್ತದಂತೆ. ಹಳೆಯದೂ ಚೆನ್ನಾಗಿತ್ತಂತೆ. ಇವರು ಅದನ್ನು ಅಟ್ಟದ ಮೇಲೆ ಎತ್ತಿಟ್ಟಿದ್ದಾರೆ, ಎಸೆದಿಲ್ಲ.

ಮಾರ್ಚ್ 16, ಭಾನುವಾರ

ಮತ್ತೆ ನಾಲ್ವರೂ ಸೇರಿದೆವು. ಸುಮಿತ ಕಿಟಕಿಯ ಕಡೆ ಮುಖ ಮಾಡಿ ಶುರು ಹಚ್ಚಿದ.

“ಇತ್ತ ತಿರಗು” ಎಂದೆ. “ನನ್ನ ಕಿವಿ ಹೋಗ್ಯಾವು ಸುಮಿತ. ತಿರುಗಿ ಮಾತಾಡು.”

ಅಂದುಬಿಟ್ಟೆ. ಆಕಾಶವೇನೂ ಕಳಚಿ ಬೀಳಲಿಲ್ಲ. ಸುಮಿತ ತಿರುಗಿದ.

“ನಾ ಸಹಿ ಮಾಡ್ತೀನಿ. ಒಂದ ಪೆಟ್ಟೂ ಬದಲ ಆಗಬಾರದು. ಆ ಹನ್ನೊಂದು ಸೆಕೆಂಡು ಪೂರಾ ಇರಬೇಕು, ನನ್ನ ಮಾರೀನೂ ಇರಬೇಕು. ಐದನೇ ಕ್ಯಾಮೆರಾದಾಗಿನ ನಾಸೀರನ ಬೂಟೂ ಇರಬೇಕು.”

“ಮಂದಿ ನಗ್ತಾರ ಪೂರ್ಣಿಮಾ.”

“ನಗಲಿ. ಹೈ ಡೆಫಿನಿಷನ್ ಅಂತ ಏಳು ಕ್ಯಾಮೆರಾ ಯಾಕ ತರಿಸಿದ್ರಿ ಹಂಗಾದ್ರ? ಕಾಣಬೇಕಂತನ ಅಲ್ಲೇನು? ಎಲ್ಲಾ ಕಾಣಲಿ. ನಮ್ಮ ಹಾಡು ಹುಟ್ಟಿದ್ದ ಕಿವಿ ಕೇಳದ ಜಾಗಾದಾಗ. ಕಿವಿ ಹೋತಂತ ನಾಚಿಕಿ ಪಡೂದು ನಮಗ ಶೋಭಸಂಗಿಲ್ಲ.”

ಸುಮಿತ ನನ್ನ ಮುಖ ನೋಡುತ್ತಲೇ ಹೇಳಿದ.

“ಆ ಜಾಗಾ ಕತ್ತರಸೂಣು ಅಂದದ್ದು ನಿನ್ನ ಸಲುವಾಗಿ ಅಲ್ಲ. ಅದರಾಗ ನಾ ಕಾಣ್ತೇನಿ. ಮೂವತ್ತೊಂಬತ್ತ ವರ್ಷದ ನಿಯಮ ಮುರದಾಂವ ನಾ. ಮಂದಿ ಚಪ್ಪಾಳಿ ಆಸೆಕ್ಕ ‘ಇನ್ನೊಮ್ಮೆ’ ಅಂದೆ. ನಿನ್ನ ಕಡೆ ತಿರುಗಿ ಸೈತ ನೋಡಲಿಲ್ಲ. ತಪ್ಪು ನಂದು.”

“ಹೌದು, ನಿಂದು” ಎಂದೆ. “ಅದೂ ಇರಲಿ ಡಿಸ್ಕಿನಾಗ.”

ನಾಸೀರ ಕೆಮ್ಮಿದ. ಮಾಯಾ ಕಾಗದ ಮುಂದಿಟ್ಟಳು. ಸಹಿ ಮಾಡಿದೆ. ‘ಪೂರ್ಣಿಮಾ, ಡ್ರಮ್’ ಎಂದು ಎರಡನ್ನೂ ಬರೆದೆ.

ಏಪ್ರಿಲ್ 14, ಸೋಮವಾರ

ನಿನ್ನೆ ಖಾನಾಪುರದಲ್ಲಿ, ನಮ್ಮ ಸಾಲೆಯ ಸಭಾಗೃಹದಲ್ಲಿ ಡಿಸ್ಕ್ ಹಾಕಿ ದೊಡ್ಡ ಪರದೆಯ ಮೇಲೆ ತೋರಿಸಿದರು. ನಾನು ಸೀಟಿ ಊದಿ ಓಡಿಸಿದ ಹುಡುಗಿಯರೆಲ್ಲ ಈಗ ತಮ್ಮ ಮಕ್ಕಳ ಕೈ ಹಿಡಿದು ಬಂದಿದ್ದರು. ಬೆಳಗಾವಿಯಿಂದಲೂ ಜನ ಬಂದಿದ್ದರು. ನಮ್ಮ ಯಜಮಾನರು ಮೊದಲ ಸಾಲಿನಲ್ಲಿ, ಹೊಸ ಅಂಗಿಯಲ್ಲಿ.

ಮಶೀನು ಹಾಕಿಕೊಂಡಿದ್ದೆ. ಬಂದ ದಿನದಿಂದ ಒಂದು ವಿಷಯ ತಿಳಿದಿದೆ: ಇವರು ಗೊಣಗುವುದಿಲ್ಲ. ಮೂರು ವರ್ಷದಿಂದ ಕೂಗುತ್ತಿದ್ದಾರೆ. ಮೆಲ್ಲಗೆ ಮಾತಾಡ್ರಿ ಎಂದರೆ ರೂಢಿ ತಪ್ಪಿದೆ ಎನ್ನುತ್ತಾರೆ.

ಆ ಹನ್ನೊಂದು ಸೆಕೆಂಡು ಬಂತು. ನನ್ನ ಮುಖ ಗೋಡೆಯಷ್ಟು ದೊಡ್ಡದಾಗಿ ಬಂತು. ಹಿಂದೆ ಯಾರೋ ಇಬ್ಬರು ನಕ್ಕರು, ಅದು ಈಗ ನನಗೆ ಕೇಳಿಸುತ್ತದಲ್ಲ! ಎದ್ದು ನಿಂತು ಹಿಂದೆ ತಿರುಗಿ ನೋಡಿದೆ. ಪಿ.ಟಿ. ಟೀಚರ್ ನೋಟ ಇನ್ನೂ ಕೆಲಸ ಮಾಡುತ್ತದೆ. ಆಮೇಲೆ ಬೂಟಿನ ಚಿತ್ರ ಬಂತು, ಒಂದರ ಹಿಂದೆ ಒಂದು, ಹದಿನಾರು ಹಾಡಿನ ಹದಿನಾರು ಸಲ. ಮಾಯಾ ಹಾಗೆ ಜೋಡಿಸಿದ್ದಾಳೆಂದು ನನಗೂ ಗೊತ್ತಿರಲಿಲ್ಲ.

ಕೊನೆಗೆ ನಾವು ಒಂದು ಹಾಡು ಬಾರಿಸುವುದಿತ್ತು. ಯಾವುದೆಂದು ಹೇಳಬೇಕಾಗಿಲ್ಲ. ಮಶೀನು ತೆಗೆದು ಇವರ ಅಂಗೈಯಲ್ಲಿಟ್ಟು ಮೇಲೆ ಹೋದೆ. ನಾಸೀರ ಎಂದಿನಂತೆ ಕತ್ತಲ ಮಗ್ಗುಲಲ್ಲಿ ನಿಲ್ಲಲು ಹೊರಟ. ಕೋಲು ಚಾಚಿ ತಡೆದು, ಮುಂದೆ, ಬೆಳಕು ಬೀಳುವ ಕಡೆಯ ಹಲಗೆ ತೋರಿಸಿದೆ. “ಇಲ್ಲೆ ಇಡು ಕಾಲು. ಎಲ್ಲಾರೂ ನೋಡ್ಲಿ.” ಇಟ್ಟ. ಹಿಮ್ಮಡಕ್ಕೆ ಹೊಸ ಹೊಲಿಗೆ ಹಾಕಿಸಿದ್ದಾನೆ.

ಹಾಡಿನ ನಡುವೆ ನಿಂತೆವು. ಸಭೆಯ ಬಾಯಿಗಳು ಎಣಿಸತೊಡಗಿದವು, ನಾನು ಮನಸ್ಸಿನಲ್ಲಿ. ಇಪ್ಪತ್ತೆಂಟಕ್ಕೆ ಸುಮಿತ ಜನರಿಗೆ ಬೆನ್ನು ಹಾಕಿ ಪೂರ್ತಿ ನನ್ನ ಕಡೆ ತಿರುಗಿದ. ಮೈಕಿನಿಂದ ದೂರ ಸರಿದು, ಒಂದು ಬೆರಳು ಎತ್ತಿ, ತುಟಿ ಅಗಲಿಸಿ, ನನ್ನೊಬ್ಬಳನ್ನೇ ಕೇಳಿದ: “ಇನ್ನೊಮ್ಮೆ?”

ಕೇಳಿದ್ದಕ್ಕೆ ಸಂತೋಷವಾಯಿತು. ಮೂವತ್ತೊಂಬತ್ತು ವರ್ಷದಲ್ಲಿ ಅವನು ನನ್ನನ್ನು ಏನನ್ನೂ ಕೇಳಿರಲಿಲ್ಲ.

ಇಲ್ಲ ಎಂದು ತಲೆ ಅಲ್ಲಾಡಿಸಿದೆ. ಮೂವತ್ತೆರಡಕ್ಕೆ ಹೊಡೆದೆ. ಮೂವರೂ ಒಟ್ಟಿಗೆ ಬಂದೆವು.